ಅಪ್ಪ ಕಾಲು ಓರೆ ಮಾಡಿ ಕೂತ ಬೆಂಚು

ಗುಂಪು: ಬಲ್ಮಠ–ಬೆಂದೂರು ಮನೆಯವರು
ಭಾನುವಾರ

ನಿತಿನ್, ಮಧ್ಯಾಹ್ನ 2:10
(ಚಿತ್ರ) ‘ಕ್ಯಾಥೋಲಿಕರು ಕ್ರೈಸ್ತರಲ್ಲ: 5 ಪುರಾವೆಗಳು. ಯೇಸುವಿನ ತಾಯಿ ಮರಿಯಮ್ಮನ ಆರಾಧನೆ. ಎರಡನೇ ಆಜ್ಞೆಯನ್ನೇ ಕಿತ್ತು ಹಾಕಿದ್ದು. ಬೈಬಲಿಗೆ 7 ಪುಸ್ತಕ ಸೇರಿಸಿದ್ದು. ಪುಣ್ಯಕಾರ್ಯದಿಂದ ರಕ್ಷಣೆ. ಪೋಪ್.’
ನಮ್ಮ ಪ್ರಾರ್ಥನಾ ಕೂಟದ ಗುಂಪಿನಲ್ಲಿ ಬಂದದ್ದು. ಎಲ್ಲರೂ ಒಮ್ಮೆ ಓದಿ, ಯೋಚನೆ ಮಾಡುವ ವಿಷಯ.

ಹಿಲ್ಡಾ ಆಂಟಿ, 2:31
ನಿತಿನ್, ಈ ಗುಂಪಿನಲ್ಲಿ ಅರ್ಧ ಜನ ಬೆಂದೂರು ಇಗರ್ಜಿಗೆ ಹೋಗುವವರು. 1784ರಲ್ಲಿ ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕ್ಯಾಥೋಲಿಕರಲ್ಲಿ ಬದುಕಿ ಉಳಿದವರು 1799ರ ನಂತರ ಊರಿಗೆ ಬಂದು ಮತ್ತೆ ಇಗರ್ಜಿ ಕಟ್ಟಿದರು. ಅವರು ಕ್ರೈಸ್ತರಲ್ಲ ಅಂತ ನನ್ನ ಮನೆಯವರ ಎದುರು ಹೇಳ್ತೀಯಾ?

ನಿತಿನ್, 2:34
ಆಂಟಿ, ನಿಮಗೆ ನೋವು ಮಾಡಬೇಕು ಅಂತ ಹಾಕಿದ್ದಲ್ಲ. ಸತ್ಯವೇದದಲ್ಲಿ ಇಲ್ಲದ್ದನ್ನು ಇಲ್ಲ ಅಂತ ಹೇಳಬೇಕಲ್ಲ.

ದೊಡ್ಡಪ್ಪ, 2:40
ಎಲ್ಲರಿಗೂ ದೇವರು ಒಬ್ಬನೇ. ಈ ಚರ್ಚೆ ಇಲ್ಲಿಗೇ ಬಿಡಿ ಮಕ್ಕಳೇ.

ವಿನಯಾ, 3:02
ದೊಡ್ಡಪ್ಪ, ನಿಮ್ಮ ಮಾತಿಗೆ ಎದುರಾಡುತ್ತೇನೆ ಅಂತ ತಿಳಿಯಬೇಡಿ. ಬಿಟ್ಟರೆ ಆ ಪೋಸ್ಟರ್ ಹೇಳಿದ್ದೇ ಉಳೀತದೆ. ನಮ್ಮ ಅಮ್ಮ ಬೆಂದೂರಿನ ಕ್ಯಾಥೋಲಿಕಳು, ಅಪ್ಪ ಬಲ್ಮಠದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಪ್ರೊಟೆಸ್ಟೆಂಟರು. ಒಂದು ಕಡೆ ಕೊಂಕಣಿ, ಇನ್ನೊಂದು ಕಡೆ ತುಳು, ಅದಕ್ಕೇ ಈ ಗುಂಪಿನಲ್ಲಿ ಕನ್ನಡ. ಈ ವಿಷಯ ನಮ್ಮ ಮನೆಯಲ್ಲಿ ಮಾತಾಡದಿದ್ದರೆ ಮತ್ತೆಲ್ಲಿ?

ನಿತಿನ್, ಮೊದಲು ಆಜ್ಞೆಯ ವಿಷಯ. ಯಾರೂ ಕಿತ್ತು ಹಾಕಿಲ್ಲ. ವಿಮೋಚನಕಾಂಡ 20 ತೆಗೆದು ನೋಡು, ಅಲ್ಲಿ ಆಜ್ಞೆಗಳಿಗೆ ಒಂದು, ಎರಡು ಅಂತ ಲೆಕ್ಕ ಹಾಕಿಲ್ಲ. ಬೇರೆ ದೇವರು ಬೇಡ, ವಿಗ್ರಹ ಬೇಡ ಎಂಬ ಎರಡನ್ನೂ ಸಂತ ಅಗಸ್ಟೀನರ ಕ್ರಮದಲ್ಲಿ ಒಂದೇ ಆಜ್ಞೆ ಅಂತ ಎಣಿಸುತ್ತಾರೆ, ಕೊನೆಯ ‘ಆಶಿಸಬಾರದು’ ಎಂಬುದನ್ನು ಎರಡು ಮಾಡುತ್ತಾರೆ. ಪೋಪರನ್ನು ಎದುರು ಹಾಕಿಕೊಂಡು ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಕೂಡ ಹಾಗೇ ಎಣಿಸಿದ್ದು. ಹಾಗಾದರೆ ಲೂಥರನ್ನರೂ ಕ್ರೈಸ್ತರಲ್ಲವಾ? ಕ್ಯಾಟೆಕಿಸಂ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ ಚುಟುಕು ಪಟ್ಟಿಯಲ್ಲಿ ವಿಗ್ರಹದ ಸಾಲು ಇರಲಿಲ್ಲ, ಅದು ನಿಜ. ನಮ್ಮ ಬೈಬಲಿನಲ್ಲಿ ಉಂಟು.

7 ಪುಸ್ತಕದ್ದೂ ಹಾಗೆಯೇ. 1546ರಲ್ಲಿ ಕ್ಯಾಥೋಲಿಕ್ ಸಭೆಯ ಟ್ರೆಂಟ್ ಮಹಾಸಭೆ ತೀರ್ಮಾನ ಮಾಡಿದ್ದು ಹೌದು. ಆದರೆ ತೋಬಿತ, ಮಕ್ಕಬಿಯರು ಎಲ್ಲ 397ರ ಕಾರ್ತೇಜ್ ಸಭೆಯ ಪಟ್ಟಿಯಲ್ಲೇ ಇದ್ದವು. ಲೂಥರ್ 1534ರಲ್ಲಿ ಜರ್ಮನ್ ಬೈಬಲ್ ಅಚ್ಚು ಮಾಡಿದಾಗಲೂ ಅವನ್ನು ಬಿಸಾಡಲಿಲ್ಲ, ಹಳೆ ಒಡಂಬಡಿಕೆಯ ಕೊನೆಗೆ ಬೇರೆಯಾಗಿ ಇಟ್ಟರು, ಓದಲಿಕ್ಕೆ ಒಳ್ಳೆಯದು ಅಂತ. ಕ್ಯಾಥೋಲಿಕರ 73 ಪುಸ್ತಕ ಸರಿಯಾ ಪ್ರೊಟೆಸ್ಟೆಂಟರ 66 ಸರಿಯಾ ಅಂತ ವಾದ ಮಾಡುವ, ಆದರೆ ‘ಆಮೇಲೆ ಸೇರಿಸಿದರು’ ಅನ್ನುವುದು ಸುಳ್ಳು.

ನಿತಿನ್, 3:15
ಸರಿ ಅಕ್ಕ. ಮರಿಯಮ್ಮ? ಮೊಂತಿ ಹಬ್ಬಕ್ಕೆ, ಅವಳ ಹುಟ್ಟುಹಬ್ಬಕ್ಕೆ, ಒಂಬತ್ತು ದಿನ ಹೂ ಹಾಕುವುದನ್ನು ನಾನೇ ನೋಡಿದ್ದೇನೆ.

ಹಿಲ್ಡಾ ಆಂಟಿ, 3:17
ನೋಡಿದ್ದು ಮಾತ್ರವಾ, ಚಿಕ್ಕದಿರುವಾಗ ಬುಟ್ಟಿ ಹಿಡಿದು ಹೂ ಹಾಕಿದ್ದೀ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ಅರೆದ ಹಾಲು ಕುಡಿದದ್ದೂ ನಮ್ಮ ಮನೆಯಲ್ಲೇ.

ವಿನಯಾ, 3:29
ಹೂ ಹಾಕುವುದು ಆರಾಧನೆ ಅಲ್ಲ ನಿತಿನ್. ಆರಾಧನೆ ದೇವರಿಗೆ ಮಾತ್ರ, ಇದನ್ನು ಕ್ಯಾಥೋಲಿಕ್ ಸಭೆ ಎಷ್ಟೋ ಸಲ ಹೇಳಿದೆ. ‘ನಮೋ ಮರಿಯಾ’ದ ಮೊದಲ ಅರ್ಧ ಲೂಕನ ಸುವಾರ್ತೆಯ ಮೊದಲನೇ ಅಧ್ಯಾಯದ್ದು, ದೇವದೂತನ ಮಾತು ಮತ್ತು ಎಲಿಜಬೆತಳ ಮಾತು. ಉಳಿದರ್ಧದಲ್ಲಿ ಕೇಳುವುದು ‘ನಮಗಾಗಿ ಪ್ರಾರ್ಥಿಸಿ’ ಅಂತ. ನೀನು ನಿನ್ನ ಕೂಟದಲ್ಲಿ ಪಕ್ಕದವರಿಗೆ ಹೇಳುವ ಮಾತೇ ಅದು. ತೀರಿಹೋದ ಸಂತರ ಹತ್ತಿರ ಹಾಗೆ ಕೇಳಬಹುದಾ ಅಂತ ಕೇಳಿದರೆ ಅದು ನಿಜವಾದ ಪ್ರಶ್ನೆ, ಅಪ್ಪನೂ ಒಪ್ಪುತ್ತಿರಲಿಲ್ಲ. ಆಕೆ ಜನ್ಮಪಾಪವಿಲ್ಲದೆ ಹುಟ್ಟಿದವಳು ಎಂಬ 1854ರ ಘೋಷಣೆ, ದೇಹ ಸಮೇತ ಸ್ವರ್ಗಕ್ಕೆ ಹೋದಳು ಎಂಬ 1950ರ ಘೋಷಣೆ, ಅವನ್ನೂ ಅಪ್ಪ ಒಪ್ಪಲಿಲ್ಲ. ಅಮ್ಮ ತೇರ್ಸ (ಜಪಮಾಲೆ) ಹೇಳುವಾಗ ಪಕ್ಕದಲ್ಲೇ ಸುಮ್ಮನೆ ಕೂತಿರುತ್ತಿದ್ದರು.

ಶಾಜಿ ಬಾವ, 3:41
ನಾನು ಒಂದು ಮಾತು ಹೇಳಲಾ? ನಾವು ಆರ್ಥೊಡಾಕ್ಸ್. ಬೆಳ್ತಂಗಡಿಯಲ್ಲಿ ನಮ್ಮ ಪಕ್ಕದ ಮನೆಯವರು ಸೀರೋ ಮಲಬಾರ್ ಕ್ಯಾಥೋಲಿಕರು. ಅವರು ಪೋಪರ ಕೆಳಗೆ, ನಾವಲ್ಲ. ಆದರೆ ಇಬ್ಬರಿಗೂ ಸುರಿಯಾನಿ ಕುರ್ಬಾನ (ಪೂಜೆ), ಇಬ್ಬರಿಗೂ ಮರಿಯಮ್ಮ ದೇವಮಾತೆ. ಈ ಪೋಸ್ಟರ್ ಪ್ರಕಾರ ನಾನೂ ಹೊರಗೆ. ಪೋಪರಿಲ್ಲದೆ, ಪ್ರೊಟೆಸ್ಟೆಂಟರೂ ಅಲ್ಲದೆ ಇಷ್ಟು ಶತಮಾನ ಬದುಕಿದವರ ಲೆಕ್ಕ ಎಲ್ಲಿಗೆ ಬಂತು?

ನಿತಿನ್, 3:50
ಬಾವ, ಅದು ನನಗೆ ಹೊಳೆದಿರಲಿಲ್ಲ. ಆದರೆ ನಾಲ್ಕನೆಯದ್ದೇ ಮುಖ್ಯ. ರಕ್ಷಣೆ ನಂಬಿಕೆಯಿಂದಲಾ, ಕ್ರಿಯೆಯಿಂದಲಾ?

ವಿನಯಾ, 4:08
ಅದಕ್ಕೇ ಅಲ್ಲವಾ 1517ರಿಂದ ಯುರೋಪು ಹೊತ್ತಿ ಉರಿದದ್ದು. ಆದರೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರು, ಕ್ಯಾಥೋಲಿಕರು ಒಟ್ಟಿಗೆ ಕೂತು ಸಹಿ ಹಾಕಿದರು: ನಮ್ಮ ಪುಣ್ಯದಿಂದಲ್ಲ, ಕ್ರಿಸ್ತನಲ್ಲಿ ನಂಬಿಕೆಯಿಟ್ಟು ಬರೀ ಕೃಪೆಯಿಂದ ದೇವರು ನಮ್ಮನ್ನು ಸ್ವೀಕರಿಸುತ್ತಾರೆ, ಆ ಕೃಪೆಯೇ ಒಳ್ಳೆಯ ಕೆಲಸ ಮಾಡಿಸುತ್ತದೆ ಅಂತ. 2006ರಲ್ಲಿ ಮೆಥೊಡಿಸ್ಟರು ಒಪ್ಪಿದರು, 2017ರಲ್ಲಿ ರಿಫಾರ್ಮ್ಡ್ ಸಭೆಗಳವರು. ನಿನ್ನ ಪೋಸ್ಟರ್ ಮಾಡಿದವರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಪೋಪರ ವಿಷಯ ನಾನು ಮುಚ್ಚಿಡುವುದಿಲ್ಲ. ಅದು ದೊಡ್ಡ ಬಿರುಕೇ. ಪೋಪರು ಇಡೀ ಸಭೆಗೆ ಅಧಿಕೃತವಾಗಿ ಬೋಧಿಸುವಾಗ ತಪ್ಪುವುದಿಲ್ಲ ಎಂಬ 1870ರ ಘೋಷಣೆಯನ್ನು ಶಾಜಿ ಬಾವನ ಸಭೆಯೂ ಒಪ್ಪುವುದಿಲ್ಲ, ನಿನ್ನದೂ ಇಲ್ಲ.

ಆದರೆ ನಮ್ಮ ಮನೆಗೆ ನೋವು ಕೊಟ್ಟದ್ದು ಈ ಐದರಲ್ಲಿ ಯಾವುದೂ ಅಲ್ಲ. ಇದನ್ನು ಯಾವತ್ತೂ ಇಲ್ಲಿ ಬರೆದಿಲ್ಲ, ಇವತ್ತು ಬರೆಯುತ್ತೇನೆ.

ಅಮ್ಮ ಅಪ್ಪನ ಮದುವೆಗೆ ಬಿಷಪರ ಅಪ್ಪಣೆ ಬೇಕಾಯಿತು. ಅಮ್ಮ, ಮಕ್ಕಳನ್ನು ಕ್ಯಾಥೋಲಿಕರಾಗಿ ಬೆಳೆಸಲು ಆದಷ್ಟು ಪ್ರಯತ್ನ ಮಾಡುತ್ತೇನೆ ಅಂತ ಮಾತು ಕೊಟ್ಟರು. ಅಪ್ಪನ ಹತ್ತಿರ ಕೇಳಿದ್ದು ಅವರ ದೀಕ್ಷಾಸ್ನಾನದ ಸರ್ಟಿಫಿಕೇಟ್. ಬಲ್ಮಠದ ಅಯ್ಯನವರು (ಪಾದ್ರಿ) ಬರೆದುಕೊಟ್ಟ ಆ ಕಾಗದ ಈಗಲೂ ಕಪಾಟಿನಲ್ಲಿ ಉಂಟು, ಮಡಚಿದ ಗೆರೆಯಲ್ಲಿ ಹರಿದಿದೆ. ಇಗರ್ಜಿಯವರು ಅದನ್ನು ಹಾಗೇ ಒಪ್ಪಿದರು. ಎರಡನೇ ಸಲ ನೀರು ಹಾಕಲಿಲ್ಲ. ತಂದೆ, ಮಗ, ಪವಿತ್ರಾತ್ಮರ ಹೆಸರಲ್ಲಿ ನೀರು ಹಾಕಿದ್ದರೆ ಅದು ಒಂದೇ ಸಲ ಆಗುವಂಥದ್ದು, ಯಾವ ಸಭೆಯಲ್ಲಿ ಆದರೂ. ನಿತಿನ್, ಅಪ್ಪ ಕ್ರೈಸ್ತರೇ ಅಂತ ಇಗರ್ಜಿ ಒಪ್ಪಿತು. ಅಮ್ಮ ಕ್ರೈಸ್ತಳಲ್ಲ ಅಂತ ನಿನ್ನ ಪೋಸ್ಟರ್ ಹೇಳುತ್ತದೆ.

ಆದರೂ ಪ್ರತಿ ಭಾನುವಾರ ಪರಮಪ್ರಸಾದದ ಹೊತ್ತಿಗೆ ನಾವು ಮೂವರು ಎದ್ದು ಹೋಗುತ್ತಿದ್ದೆವು. ಪ್ರೊಟೆಸ್ಟೆಂಟರಾದ ಅಪ್ಪನಿಗೆ ಅಲ್ಲಿ ಅದನ್ನು ಕೊಡುತ್ತಿರಲಿಲ್ಲ, ಅವರು ಬೆಂಚಿನಲ್ಲಿ ಕಾಲು ಓರೆ ಮಾಡಿ ನಮಗೆ ದಾರಿ ಬಿಡುತ್ತಿದ್ದರು. ವಾಪಸ್ ಬರುವಾಗ ಮತ್ತೆ ಓರೆ ಮಾಡುತ್ತಿದ್ದರು. ಒಂದು ಸಲ, ಏಳನೇ ವಯಸ್ಸಿರಬೇಕು, ‘ನೀವು ಯಾಕೆ ಬರುವುದಿಲ್ಲ’ ಅಂತ ಕೇಳಿದೆ. ‘ನನಗೆ ನಮ್ಮ ಸಭೆಯಲ್ಲಿ ಉಂಟು ಮಗಾ’ ಅಂದರು. ಸಿಎಸ್‌ಐಯಲ್ಲಿ ಅಮ್ಮನನ್ನು ಕರ್ತನ ಭೋಜನಕ್ಕೆ ಕರೆಯುತ್ತಿದ್ದರು, ಅಮ್ಮನೇ ಹೋಗಲಿಲ್ಲ, ಅವಳ ಸಭೆ ಬಿಡುವುದಿಲ್ಲ ಅಂತ. 1964ರಲ್ಲಿ ವ್ಯಾಟಿಕನ್ ಮಹಾಸಭೆ ಪ್ರೊಟೆಸ್ಟೆಂಟರನ್ನು ಸಹೋದರರು ಅಂತ ಕರೆಯಿತು, ಅದೇ ದಾಖಲೆಯಲ್ಲಿ ಅವರ ಗುರುದೀಕ್ಷೆಯಲ್ಲಿ ಕೊರತೆಯಿರುವುದರಿಂದ ಅವರ ಭೋಜನದಲ್ಲಿ ಪರಮಪ್ರಸಾದದ ಪೂರ್ಣತೆ ಉಳಿದಿಲ್ಲ ಅಂತಲೂ ಬರೆಯಿತು. ನಾನು ಕ್ಯಾಥೋಲಿಕಳು, ನನ್ನ ಸಭೆಯನ್ನು ಬಿಡುವುದಿಲ್ಲ. ಆದರೆ ಆ ಬೆಂಚು ನೆನಪಾದರೆ ಇವತ್ತಿಗೂ ಗಂಟಲು ಕಟ್ಟುತ್ತದೆ. ನಿಜವಾದ ಗಾಯ ಅಲ್ಲಿ ಇರುವಾಗ ಸುಳ್ಳು ಗಾಯ ಐದು ಮಾಡಬೇಡ.

ದೊಡ್ಡಪ್ಪ, 4:30
ತಮ್ಮ ಇದನ್ನು ನನ್ನ ಹತ್ತಿರ ಒಂದು ದಿನವೂ ಹೇಳಲಿಲ್ಲ.

ನಿತಿನ್, 4:47
ಚಿತ್ರ ತೆಗೆದಿದ್ದೇನೆ ಆಂಟಿ, ಕ್ಷಮಿಸಿ. ಅಕ್ಕ, ಮರಿಯಮ್ಮನ ವಿಷಯ ಮಾತ್ರ ನಾನು ಒಪ್ಪುವುದಿಲ್ಲ.

ವಿನಯಾ, 4:49
ಒಪ್ಪಬೇಡ. ಮೊಂತಿ ಹಬ್ಬದ ಊಟಕ್ಕೆ ಬಾ.

ಹಿಲ್ಡಾ ಆಂಟಿ, 5:05
ವಿನಯಾ, ಮುಂದಿನ ಶನಿವಾರ ನಿನ್ನ ಅಪ್ಪನ ವರ್ಷದ ಪ್ರಾರ್ಥನೆಯ ಹಾಳೆ ಅಚ್ಚಿಗೆ ಕೊಡಬೇಕು. ಹೋದ ವರ್ಷ ಸಮಾಧಿಯ ಹತ್ತಿರ ಕರ್ತನ ಪ್ರಾರ್ಥನೆ ಹೇಳುವಾಗ ನಾವೆಲ್ಲ ‘ಕೇಡಿನಿಂದ ತಪ್ಪಿಸು’ ಅಂತ ನಿಲ್ಲಿಸಿದೆವು, ಬಲ್ಮಠದವರು ‘ರಾಜ್ಯವೂ ಬಲವೂ ಮಹಿಮೆಯೂ’ ಅಂತ ಮುಂದೆ ಹೇಳಿದರು. ಈ ಸಲ ಎಲ್ಲಿವರೆಗೆ ಹಾಕುವುದು?

ವಿನಯಾ, 5:11
ಪೂರ್ತಿ ಹಾಕಿ ಆಂಟಿ. ಆ ಸಾಲು ನಮ್ಮ ಪೂಜೆಯಲ್ಲೂ ಬರುತ್ತದೆ, ಗುರುಗಳು ನಡುವೆ ಒಂದು ಪ್ರಾರ್ಥನೆ ಹೇಳಿದ ಮೇಲೆ. ಅಪ್ಪ ಅಷ್ಟೂ ಒಟ್ಟಿಗೇ ಹೇಳುತ್ತಿದ್ದರು.

ದೊಡ್ಡಪ್ಪ, 5:12
60 ಪ್ರತಿ ಮಾಡಿಸಿ. ಅಕ್ಷರ ಸ್ವಲ್ಪ ದೊಡ್ಡದಿರಲಿ.