ಫಿಫಾದಲ್ಲಿ ಏಳು ಜನ ಅರೆಸ್ಟ್ ಆದ ಎರಡೇ ದಿನಕ್ಕೆ ಬ್ಲಾಟರ್ ಮತ್ತೆ ಗೆದ್ದಿದ್ದು ಹೇಗೆ?

ಬಂಗಾರಪೇಟೆ ಬ್ಯಾಕ್:
ಭಾನುವಾರ ರಾಬರ್ಟ್‌ಸನ್‌ಪೇಟೆ ಹುಡುಗರ ಜೊತೆ ಫುಟ್‌ಬಾಲ್ ಆಡೋದು ನನ್ನ ಚಟ. ಮೊನ್ನೆ ಆಟ ಮುಗಿಸಿ ಟೀ ಕುಡಿಯುವಾಗ ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾದ ಹಳೇ ಹಗರಣದ ಮಾತು ಬಂತು. 2015ರ ಮೇ 27ರ ಬೆಳಗಿನ ಜಾವ ಜ್ಯೂರಿಕ್‌ನ ಐಷಾರಾಮಿ ಹೋಟೆಲಿಗೆ, ಅಮೆರಿಕದವರು ಕೇಳಿಕೊಂಡರು ಅಂತ, ಸ್ವಿಸ್ ಪೊಲೀಸರು ಹೋಗಿ ಲಂಚದ ಆರೋಪದ ಮೇಲೆ ಫಿಫಾದ ದೊಡ್ಡ ದೊಡ್ಡವರನ್ನೇ ಹಿಡಿದರು. ಹೋಟೆಲ್ ಸಿಬ್ಬಂದಿ ಬಿಳಿ ಬೆಡ್‌ಶೀಟ್ ಅಡ್ಡ ಹಿಡಿದು ಅವರನ್ನು ಕಾರು ಹತ್ತಿಸಿದ ಫೋಟೊ ನಿಮಗೂ ನೆನಪಿರಬಹುದು. ಮೇ 29ಕ್ಕೆ ಅಧ್ಯಕ್ಷರ ಚುನಾವಣೆ. ಆಗಲೇ ಅಧ್ಯಕ್ಷರಾಗಿದ್ದ ಬ್ಲಾಟರ್‌ಗೆ 133 ಓಟು, ಎದುರು ನಿಂತ ಜೋರ್ಡಾನ್ ರಾಜಕುಮಾರ ಅಲಿಗೆ 73!

ಅಷ್ಟು ಮರ್ಯಾದೆ ಹೋದ ಮೇಲೂ 133 ದೇಶದವರು ಅವರಿಗೇ ಒತ್ತಿದ್ದಾರೆ ಅಂದರೆ ಏನರ್ಥ? 133 ಜನಕ್ಕೂ ಲಂಚ ಹೋಗಿತ್ತಾ? ಹುಡುಗರು ಹೌದು ಅಂತಾರೆ. ನನಗೆ ನಂಬಿಕೆ ಬರ್ತಿಲ್ಲ. ಗೊತ್ತಿರುವವರು ಹೇಳಿ.

ಚಾಂಪಿಯನ್ ರೀಫ್ ಗೋಲಿ:
ಎಲ್ಲಾ ಕಡೆ ಹೀಗೇ ಬ್ರೋ. ನಾನು ಆಡುವಾಗ ಟೀಮಲ್ಲಿ ಜಾಗ ಬೇಕು ಅಂದ್ರೆ ಜೆರ್ಸಿ ದುಡ್ಡು ನಾವೇ ಕೊಡಬೇಕಿತ್ತು, ರಶೀದಿ ಕೇಳಿದ್ರೆ ಮುಂದಿನ ಮ್ಯಾಚ್‌ಗೆ ಬೆಂಚು. ಜ್ಯೂರಿಕ್‌ನಲ್ಲಿ ಸೊನ್ನೆ ಜಾಸ್ತಿ, ಅಷ್ಟೇ.

ಕೋಲಾರದ ಆಡಿಟರ್:
ನನ್ನ ಸರ್ವಿಸ್ ಪೂರ್ತಿ ಸಹಕಾರ ಸಂಘಗಳ ಲೆಕ್ಕ ನೋಡೋದರಲ್ಲೇ ಹೋಯಿತು. ಫುಟ್‌ಬಾಲ್ ಅಷ್ಟಕ್ಕಷ್ಟೇ. ಆದರೆ ಫಿಫಾ ಕಥೆ ಓದುವಾಗ ಇದನ್ನು ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು.

ಫಿಫಾ ಕಂಪನಿ ಅಲ್ಲ. ಸ್ವಿಸ್ ಕಾನೂನಿನ ಪ್ರಕಾರ ಅದೊಂದು ಸಂಘ. ಆಗ 209 ಸದಸ್ಯರು, ಈಗ 211. ಒಬ್ಬ ಸದಸ್ಯನಿಗೆ ಒಂದು ಓಟು. ಬ್ರೆಜಿಲ್‌ಗೂ ಒಂದೇ, ಐದು ಸಾವಿರದ ಆಸುಪಾಸು ಜನ ಇರುವ ಮಾಂಟ್‌ಸೆರಾಟ್ ದ್ವೀಪಕ್ಕೂ ಒಂದೇ. ವಿಶ್ವಕಪ್ಪಿನ ಟಿವಿ ದುಡ್ಡು ಬಂದು ಬೀಳುವುದು ಮೇಲೆ. ಅಲ್ಲಿಂದ ಕೆಳಗೆ ಹಂಚಬೇಕು. ಬ್ಲಾಟರ್ 1998ರಲ್ಲಿ ಗೆದ್ದ ಮೇಲೆ ‘ಗೋಲ್’ ಅಂತ ಒಂದು ಯೋಜನೆ ತಂದರು. ಬಡ ದೇಶಗಳಿಗೆ ಆಫೀಸು, ಮೈದಾನ, ತರಬೇತಿ ಕೇಂದ್ರ. ಆ ಯೋಜನೆಯ ಸಮಿತಿಗೆ ಅಧ್ಯಕ್ಷರು ಕತಾರ್‌ನ ಮೊಹಮ್ಮದ್ ಬಿನ್ ಹಮ್ಮಾಮ್. ಆಗ ಬ್ಲಾಟರ್‌ಗೆ ಬಲಗೈ.

ಈಗ ನಮ್ಮ ಕಡೆಯದು ಕೇಳಿ. ಊರೂರಿನ ಸಂಘಗಳು ಸೇರಿ ಮಾಡಿಕೊಂಡ ಒಂದು ದೊಡ್ಡ ಸಂಘ, ಹೆಸರು ಬೇಡ. ಅಧ್ಯಕ್ಷರ ಮೇಲೆ ಹಣ ದುರುಪಯೋಗದ ವಿಚಾರಣೆ ನಡೀತಿತ್ತು. ಆಡಿಟ್ ವರದಿ ಬರೆದವನು ನಾನೇ. ಅಷ್ಟರಲ್ಲಿ ಚುನಾವಣೆ ಬಂತು. ಓಟು ಹಾಕುವ ಡೆಲಿಗೇಟ್‌ಗಳನ್ನೆಲ್ಲ ಒಂದು ಬಸ್ಸಲ್ಲಿ ತುಂಬಿಸಿ ಧರ್ಮಸ್ಥಳದ ಕಡೆ ಪ್ರವಾಸ ಕಳಿಸಿದರು. ಓಟಿನ ದಿನ ಬೆಳಿಗ್ಗೆ ಸೀದಾ ಮತಗಟ್ಟೆ ಮುಂದೆ ಇಳಿದರು, ಹಣೇಲಿ ಗಂಧ, ಕೈಯಲ್ಲಿ ಪ್ರಸಾದದ ಪೊಟ್ಟಣ. ಅಧ್ಯಕ್ಷರು ಆರಾಮಾಗಿ ಗೆದ್ದರು. ಆಮೇಲೆ ಒಬ್ಬ ಡೆಲಿಗೇಟ್ ಟೀ ಅಂಗಡೀಲಿ ಸಿಕ್ಕಾಗ ಕೇಳಿದೆ, ಎಲ್ಲಾ ಗೊತ್ತಿದ್ದೂ ಯಾಕ್ರೀ ಹಾಕಿದ್ರಿ ಅಂತ. ‘ಸಾರ್, ನಮ್ಮೂರ ಕಟ್ಟಡದ ಎರಡನೇ ಕಂತು ಇನ್ನೂ ಬರಬೇಕು’ ಅಂದರು. ಆ ಮನುಷ್ಯ ಒಂದು ರೂಪಾಯಿ ಲಂಚ ತಗೊಂಡವರಲ್ಲ, ಪಾಪ. ಆ ಕಟ್ಟಡ ಅವರ ಊರಿಗೆ ನಿಜವಾಗಿಯೂ ಬೇಕಿತ್ತು.

ನಿಮ್ಮ 133ರಲ್ಲಿ ಬಹಳ ಜನ ಅಂಥವರೇ ಅಂತ ನನ್ನ ಲೆಕ್ಕ. ಎಲ್ಲರಿಗೂ ಲಂಚ ಕೊಡುವ ಅಗತ್ಯವೇ ಇಲ್ಲ. ಎರಡನೇ ಕಂತು ಯಾರ ಕೈಯಲ್ಲಿದೆ ಅನ್ನೋದು ಗೊತ್ತಿದ್ದರೆ ಸಾಕು. ಇನ್ನೊಂದು ಮಾತು, ಆಗ ಬ್ಲಾಟರ್ ಮೇಲೆ ಅಮೆರಿಕದವರು ಕೇಸು ಹಾಕಿರಲಿಲ್ಲ, ಆಮೇಲೂ ಹಾಕಲಿಲ್ಲ. ಹಾಗಾಗಿ ಓಟು ಹಾಕಿದವರಿಗೆ ಹೇಳಿಕೊಳ್ಳಲು ಒಂದು ನೆಪವೂ ಇತ್ತು. ಗೆದ್ದ ನಾಲ್ಕೇ ದಿನಕ್ಕೆ, ಜೂನ್ 2ರಂದು, ಅಧಿಕಾರ ಬಿಡುತ್ತೇನೆ ಅಂತ ಅವರೇ ಘೋಷಿಸಿದರು.

ಶಿಡ್ಲಘಟ್ಟ ಸೆಂಟರ್:
ಆಡಿಟರ್ ಸಾರ್, ನೇರ ಲಂಚವೂ ನಡೆದಿದೆಯಲ್ಲ. ಲಕೋಟೆ ಕಥೆ ಬಿಟ್ಟುಬಿಟ್ರಿ.

ಕೋಲಾರದ ಆಡಿಟರ್:
ನಡೆದಿದೆ ಸ್ವಾಮಿ, ನಡೆದಿಲ್ಲ ಅಂದೆನಾ. ಬಲಗೈ ಬಿನ್ ಹಮ್ಮಾಮ್ 2011ರಲ್ಲಿ ಬ್ಲಾಟರ್ ವಿರುದ್ಧವೇ ನಿಂತರು. ಮೇ ತಿಂಗಳಲ್ಲಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕೆರಿಬಿಯನ್ ದೇಶಗಳ ಸಭೆ ಕರೆಸಿದರು. ವ್ಯವಸ್ಥೆ ಎಲ್ಲಾ ಆ ಭಾಗದ ಫುಟ್‌ಬಾಲ್ ಒಕ್ಕೂಟದ ಯಜಮಾನ ಜಾಕ್ ವಾರ್ನರ್‌ದು. ಬಂದವರನ್ನು ಒಬ್ಬೊಬ್ಬರನ್ನಾಗಿ ಒಂದು ಕೋಣೆಗೆ ಕರೆದು ಲಕೋಟೆ ಕೊಟ್ಟರು. ಒಳಗೆ 100 ಡಾಲರ್ ನೋಟುಗಳ ಕಟ್ಟು, ಒಟ್ಟು 40,000 ಡಾಲರ್. ಬಹಾಮಾಸ್‌ನಿಂದ ಬಂದಿದ್ದ ಪದಾಧಿಕಾರಿ ನೋಟುಗಳ ಫೋಟೊ ತೆಗೆದುಕೊಂಡು ವಾಪಸ್ ಕೊಟ್ಟರು. ಆ ಫೋಟೊ ಆಮೇಲೆ ಸಾಕ್ಷಿಯಾಯಿತು. ಮರುದಿನ ವಾರ್ನರ್ ಗದರಿದ್ದು ವಿಡಿಯೊದಲ್ಲಿದೆ. ಅಷ್ಟೊಂದು ದೈವಭಕ್ತರಾದರೆ ಹೋಗಿ ಚರ್ಚ್ ತೆರೀರಿ ಅಂದರು! ಬಿನ್ ಹಮ್ಮಾಮ್ ಕಣದಿಂದ ಹಿಂದೆ ಸರಿದರು, ಬ್ಲಾಟರ್ ಒಬ್ಬರೇ ಉಳಿದು ಗೆದ್ದರು.

ಲೆಕ್ಕದವನಾಗಿ ನನ್ನ ತಲೆ ಕೆಡಿಸಿದ್ದು ಲಕೋಟೆ ಅಲ್ಲ. ವಾರ್ನರ್ ಊರಲ್ಲಿ ಒಂದು ತರಬೇತಿ ಕೇಂದ್ರ ಕಟ್ಟಿದರು. ಅದಕ್ಕೆ ಹೋದ ಫುಟ್‌ಬಾಲ್ ದುಡ್ಡು ಸುಮಾರು 2.6 ಕೋಟಿ ಡಾಲರ್. 2013ರಲ್ಲಿ ವಿಚಾರಣೆ ಮಾಡಿ ನೋಡಿದರೆ ಜಮೀನು ವಾರ್ನರ್ ಕಂಪನಿಗಳ ಹೆಸರಲ್ಲಿತ್ತು. ಅಷ್ಟು ವರ್ಷ ಯಾರೂ ಒಂದು ಪಹಣಿ ತೆಗೆಸಿ ನೋಡಲಿಲ್ಲವಾ?

ಬಂಗಾರಪೇಟೆ ಬ್ಯಾಕ್:
ಸಾರ್, ಇದೆಲ್ಲ ಸ್ವಿಟ್ಜರ್‌ಲ್ಯಾಂಡ್‌ನಲ್ಲಿ, ಕೆರಿಬಿಯನ್‌ನಲ್ಲಿ ನಡೆದದ್ದು. ಅಮೆರಿಕ ಯಾಕೆ ಬಂತು? ಅವರಿಗೆ ಫುಟ್‌ಬಾಲೇ ಅಷ್ಟು ಇಷ್ಟ ಇಲ್ಲ ಅಲ್ವಾ.

ತುಮಕೂರು ಲಾಯರ್:
ನಾನು ಹೇಳ್ತೀನಿ. ಲಂಚದ ಡಾಲರ್ ಓಡಾಡಿದ್ದು ಅಮೆರಿಕದ ಬ್ಯಾಂಕುಗಳ ಮೂಲಕ. ಅಷ್ಟು ಸಾಕು ಅವರ ಕೋರ್ಟಿಗೆ. ಜೊತೆಗೆ ಅಲ್ಲೇ ಇದ್ದ ಚಕ್ ಬ್ಲೇಜರ್. ವಾರ್ನರ್ ಒಕ್ಕೂಟದಲ್ಲೇ ಅವರ ಕೆಳಗೆ ಪ್ರಧಾನ ಕಾರ್ಯದರ್ಶಿ, ಒಪ್ಪಂದಗಳಲ್ಲಿ ಹತ್ತು ಪರ್ಸೆಂಟ್ ತನಗೆ. ನ್ಯೂಯಾರ್ಕ್‌ನ ಟ್ರಂಪ್ ಟವರ್‌ನಲ್ಲಿ ವಾಸ, ಅಲ್ಲಿ ಬೆಕ್ಕುಗಳಿಗೇ ಒಂದು ಫ್ಲಾಟ್ ಇತ್ತು ಅಂತ ಪತ್ರಿಕೆಗಳು ಬರೆದವು. ವರ್ಷಗಟ್ಟಲೆ ತೆರಿಗೆ ರಿಟರ್ನ್ಸ್ ಹಾಕಿರಲಿಲ್ಲ. ಅಲ್ಲಿ ಸಿಕ್ಕಿಬಿದ್ದು ಸರ್ಕಾರದ ಕಡೆ ತಿರುಗಿದರು, ಗುಟ್ಟಾಗಿ ಮಾತು ರೆಕಾರ್ಡ್ ಮಾಡಿಕೊಟ್ಟರು. 2013ರಲ್ಲೇ ತಪ್ಪೊಪ್ಪಿಕೊಂಡಿದ್ದು, 2015ರವರೆಗೆ ಹೊರಗೆ ಗೊತ್ತಾಗಲಿಲ್ಲ.

ಸ್ವಿಸ್ ಕಡೆ ಕಾನೂನೇ ಸಡಿಲ. ವಿಶ್ವಕಪ್ಪಿನ ಹಕ್ಕು ಮಾರುತ್ತಿದ್ದ ಐಎಸ್ಎಲ್ ಅನ್ನುವ ಮಾರ್ಕೆಟಿಂಗ್ ಕಂಪನಿ 2001ರಲ್ಲಿ ದಿವಾಳಿ ಆಯಿತು. ಆಗ ಲಂಚದ ಲೆಕ್ಕ ಸಿಕ್ಕಿತು. 24 ವರ್ಷ ಫಿಫಾ ಆಳಿದ ಹಾವೆಲಾಂಜ್ ಹೆಸರೂ ಇತ್ತು. ಆದರೆ ಆ ಕಾಲಕ್ಕೆ ಖಾಸಗಿಯವರು ಹಾಗೆ ಕಮಿಷನ್ ತಗೊಳ್ಳೋದು ಅಲ್ಲಿ ಅಪರಾಧವೇ ಆಗಿರಲಿಲ್ಲ.

ಚಾಂಪಿಯನ್ ರೀಫ್ ಗೋಲಿ:
ನಮ್ಮ ಸರ್ಕಾರವೇ ನಮ್ಮ ಫೆಡರೇಶನ್ನು ವಶಕ್ಕೆ ತಗೊಂಡು ಸರಿ ಮಾಡಬಹುದಲ್ಲ?

ಶಿಡ್ಲಘಟ್ಟ ಸೆಂಟರ್:
2022 ಮರೆತ್ರಾ? ನಮ್ಮ ಫೆಡರೇಶನ್ ಅಧ್ಯಕ್ಷರ ಅವಧಿ ಮುಗಿದರೂ ಚುನಾವಣೆ ಆಗಿರಲಿಲ್ಲ. ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿ ಹಾಕಿತು. ಹೊರಗಿನವರು ಕೈ ಹಾಕಿದರು ಅಂತ ಫಿಫಾ ಆಗಸ್ಟ್‌ನಲ್ಲಿ ಭಾರತವನ್ನೇ ಅಮಾನತು ಮಾಡಿತು. ಗೋಕುಲಂ ಕೇರಳದ ಹೆಣ್ಣುಮಕ್ಕಳು ಏಷ್ಯಾ ಟೂರ್ನಿಗೆ ಅಂತ ತಾಷ್ಕೆಂಟ್‌ಗೆ ಹೋಗಿ ಇಳಿದಿದ್ದರು. ಆಡದೆ ವಾಪಸ್ ಬಂದರು. ಕೋರ್ಟ್ ಸಮಿತಿಯನ್ನು ತೆಗೆದ ಮೇಲೆ, ತಿಂಗಳ ಕೊನೆಯೊಳಗೆ ಅಮಾನತು ಹೋಯಿತು. ತಪ್ಪು ಮಾಡಿದವರು ಒಬ್ಬರು, ಬರೆ ಬಿದ್ದಿದ್ದು ಆ ಹುಡುಗಿಯರಿಗೆ. ನನಗೆ ಇವತ್ತಿಗೂ ಸಿಟ್ಟಿದೆ.

ಬಂಗಾರಪೇಟೆ ಬ್ಯಾಕ್:
ಈಗ ಬದಲಾಗಿದೆಯಾ? ಬ್ಲಾಟರ್ ಜೈಲಿಗೆ ಹೋದರಾ?

ಕೋಲಾರದ ಆಡಿಟರ್:
ಸ್ವಲ್ಪ ಬದಲಾಗಿದೆ. ಮೊದಲು ವಿಶ್ವಕಪ್ ಎಲ್ಲಿ ಅನ್ನೋದನ್ನು ಕಾರ್ಯಕಾರಿ ಸಮಿತಿಯ ಇಪ್ಪತ್ತು ಚಿಲ್ಲರೆ ಜನ ಒಳಗೆ ಕೂತು ತೀರ್ಮಾನ ಮಾಡುತ್ತಿದ್ದರು. ಈಗ ಎಲ್ಲ ದೇಶಗಳೂ ಓಟು ಹಾಕಬೇಕು. 2026ರದ್ದು ಹಾಗೇ ಆಯಿತು, ಅಮೆರಿಕ-ಕೆನಡಾ-ಮೆಕ್ಸಿಕೊ ಜೋಡಿಗೆ 134, ಮೊರಾಕ್ಕೊಗೆ 65. ಆದರೆ 2034ಕ್ಕೆ ಅರ್ಜಿ ಹಾಕಿದ್ದು ಸೌದಿ ಒಂದೇ, ಚಪ್ಪಾಳೆಯಲ್ಲೇ ಮುಗಿಯಿತು. ಇನ್‌ಫಾಂಟಿನೊ 2016ರಲ್ಲಿ ಅಧ್ಯಕ್ಷರಾಗಿ ಬಂದರು, 2019 ಮತ್ತು 2023ರಲ್ಲಿ ಎದುರಾಳಿಯೇ ಇಲ್ಲ. ನಾಲ್ಕು ವರ್ಷಕ್ಕೆ ಒಂದೊಂದು ದೇಶಕ್ಕೆ 80 ಲಕ್ಷ ಡಾಲರ್‌ವರೆಗೆ ಅಭಿವೃದ್ಧಿ ಹಣ ಸಿಗುತ್ತದೆ. ಅದು ಲಂಚ ಅಲ್ಲ, ಕಾಯಿದೆಬದ್ಧ. ಆದರೂ ಮೇಲೆ ಹೇಳಿದ ಡೆಲಿಗೇಟ್ ನೆನಪಾಗುತ್ತಾರೆ.

ಬ್ಲಾಟರ್ ಜೈಲಿಗೆ ಹೋಗಲಿಲ್ಲ. ಅವರ ಮೇಲಿದ್ದ ದೊಡ್ಡ ಕೇಸು ಫ್ರಾನ್ಸ್‌ನ ಹಳೇ ಸ್ಟಾರ್ ಆಟಗಾರ ಪ್ಲಾಟಿನಿಗೆ 2011ರಲ್ಲಿ ಕೊಟ್ಟ 20 ಲಕ್ಷ ಸ್ವಿಸ್ ಫ್ರಾಂಕ್. ಪ್ಲಾಟಿನಿ ಬ್ಲಾಟರ್‌ಗೆ ಸಲಹೆಗಾರರಾಗಿ ಕೆಲಸ ಮಾಡಿದ್ದು 2002ಕ್ಕೇ ಮುಗಿದಿತ್ತು. ಬರಹದ ಒಪ್ಪಂದದಲ್ಲಿ ವರ್ಷಕ್ಕೆ ಮೂರು ಲಕ್ಷ, ಬಾಕಿಯೆಲ್ಲ ಬಾಯಿ ಮಾತಿನದು ಅಂತ ಇಬ್ಬರೂ ಹೇಳಿದರು. ಫಿಫಾದವರೇ ಇಬ್ಬರನ್ನೂ ಆಟದಿಂದ ದೂರ ಇಟ್ಟರು. ಕೋರ್ಟ್ ಮಾತ್ರ 2022ರಲ್ಲಿ ಖುಲಾಸೆ ಮಾಡಿತು, ಅಪೀಲಿನಲ್ಲಿ 2025ರಲ್ಲೂ ಅದೇ. ಕೋರ್ಟ್ ಬಿಟ್ಟ ಮೇಲೆ ನಾವು ಕಳ್ಳ ಅನ್ನುವ ಹಾಗಿಲ್ಲ. ಆದರೆ ಆ ಬಿಲ್ಲು ನನ್ನ ಟೇಬಲ್ಲಿಗೆ ಬಂದಿದ್ದರೆ ‘ಒಪ್ಪಂದದ ಪ್ರತಿ ಲಗತ್ತಿಸಿ’ ಅಂತ ಬರೆದು ವಾಪಸ್ ಕಳಿಸುತ್ತಿದ್ದೆ.