ನಾಳೆಯ ರಜೆಗೆ ‘ಐ ವುಡ್’ ಯಾಕೆ?

ಎಲ್ಲರಿಗೂ ನಮಸ್ಕಾರ. ಗಂಗಾವತಿಯಿಂದ ಬರೆಯುತ್ತಿದ್ದೇನೆ.

ರಜೆ ಕೇಳುವ ಮೇಲ್‌ಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ಐ ವುಡ್ ಬಿ ಆನ್ ಲೀವ್ ಟುಮಾರೋ’. ಯಾಕೆ ಹೀಗೆ ಅಂತ ಹುಡುಗರನ್ನು ಕೇಳಿದರೆ, ‘ವಿಲ್ ಅಂದ್ರ ಒರಟಾಗ್ತದ್ರಿ ಸರ್, ವುಡ್ ಅಂದ್ರ ಮರ್ಯಾದಿ’ ಅನ್ನುತ್ತಾರೆ. ಕೇಳಿದವರೆಲ್ಲ ಇದನ್ನು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದ ತಪ್ಪು ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಕನ್ನಡದಲ್ಲಿ ಯೋಚಿಸಿದ್ದರೆ ಈ ತಪ್ಪೇ ಆಗುತ್ತಿರಲಿಲ್ಲ.

‘ವುಡ್’ ಅನ್ನುವುದು ‘ವಿಲ್’ನ ಭೂತಕಾಲ. ಅದರ ಪಕ್ಕದಲ್ಲಿ ನಮ್ಮ ‘ಬರುತ್ತಿದ್ದೆ’ಯನ್ನು ಇಟ್ಟು ನೋಡಿ. ‘ಚಿಕ್ಕವನಿದ್ದಾಗ ದಿನಾ ಕಾಲುವೆಗೆ ಈಜಲು ಹೋಗುತ್ತಿದ್ದೆ’. ಇಲ್ಲಿ ‘ಐ ವುಡ್ ಗೋ’ ಸರಿಹೋಗುತ್ತದೆ, ಹಳೆಯ ರೂಢಿಯ ಮಾತು. ‘ದುಡ್ಡಿದ್ದರೆ ಟ್ರ್ಯಾಕ್ಟರ್ ತಗೋತಿದ್ದೆ’. ಇಲ್ಲೂ ‘ಐ ವುಡ್ ಬೈ’. ದುಡ್ಡೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿದ್ದು ನೆನಪಿರಬೇಕಲ್ಲ? ಆ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಕೂರಿಸಿ ನೀರು ನಿಲ್ಲಿಸಿದರು. ‘ಸ್ಟಾಪ್‌ಲಾಗ್ ಕೂರಿಸದೇ ಇದ್ದಿದ್ರೆ ನಾನು ಭತ್ತ ನಾಟಿ ಮಾಡ್ತಿರಲಿಲ್ಲ’ ಅಂತ ರೈತ ಅಂದರೆ ಅದು ‘ಐ ವುಡಂಟ್ ಹ್ಯಾವ್’. ಇಲ್ಲಿ ಒಂದು ವ್ಯತ್ಯಾಸ ಇದೆ. ಮುಗಿದುಹೋದ ಸಂಗತಿಗೆ ಇಂಗ್ಲಿಷ್ ‘ಹ್ಯಾವ್’ ಸೇರಿಸಿ ಬೇರೆ ಮಾಡುತ್ತದೆ. ನಮಗೆ ‘ತಗೋತಿದ್ದೆ’ ಒಂದೇ ಸಾಕು, ಈಗಿನದಾ ಹೋದ ವರ್ಷದ್ದಾ ಅನ್ನುವುದು ಮಾತಿನ ಸಂದರ್ಭದಲ್ಲೇ ಗೊತ್ತಾಗುತ್ತದೆ.

ಈಗ ರಜೆಯ ಸಾಲಿಗೆ ಬನ್ನಿ. ‘ನಾಳೆ ನಾನು ರಜೆಯಲ್ಲಿ ಇರುತ್ತಿದ್ದೆ’ ಅಂತ ಯಾರಾದರೂ ಹೇಳಿದರೆ ಏನು ಕೇಳುತ್ತೀರಿ? ‘ಆದರೆ?’ ಅಂತ ಅಲ್ವಾ? ಏನೋ ಅಡ್ಡ ಬಂದಿದೆ, ರಜೆ ತಪ್ಪಿದೆ ಅನ್ನಿಸುತ್ತದೆ. ಇಂಗ್ಲಿಷಿನಲ್ಲೂ ‘ಐ ವುಡ್ ಬಿ ಆನ್ ಲೀವ್’ ಅಂದಾಗ ಮುಂದೊಂದು ‘ಇಫ್’ ಬರುತ್ತದೆ ಅಂತ ಓದುವವರು ಕಾಯುತ್ತಾರೆ. ಆ ‘ಇಫ್’ ಬರುವುದೇ ಇಲ್ಲ. ಬರೀ ಸುದ್ದಿ ತಿಳಿಸಲು ‘ಐ ವಿಲ್’ ಸಾಕು, ಅದರಲ್ಲಿ ಒರಟೇನೂ ಇಲ್ಲ.

ಹಾಗಾದರೆ ಮರ್ಯಾದೆಯ ‘ವುಡ್’ ಇಲ್ಲವೇ ಇಲ್ವಾ? ಇದೆ. ‘ಐ ವುಡ್ ಲೈಕ್ ಟು ಮೀಟ್ ಯು.’ ಅದೂ ನಮ್ಮ ಹತ್ತಿರ ಮೊದಲಿಂದಲೇ ಇದೆ. ಕೊಪ್ಪಳದ ಯಾವುದೇ ಕಚೇರಿಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಿ: ‘ಸಾಹೇಬ್ರನ್ನ ನೋಡಬೇಕಿತ್ರಿ’, ‘ಒಂದು ಸಹಿ ಬೇಕಿತ್ರಿ’. ಬೇಕಾಗಿರುವುದು ಈಗ, ಹೇಳುವುದು ‘ಇತ್ತು’ ಅಂತ. ‘ಸಹಿ ಬೇಕು’ ಅಂದರೆ ಬಿಗಿ ಜಾಸ್ತಿ. ಮಾತನ್ನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರೆ ಇಲ್ಲ ಅನ್ನಲು ಎದುರಿನವರಿಗೆ ಜಾಗ ಸಿಗುತ್ತದೆ. ಇಂಗ್ಲಿಷಿನವರು ‘ವುಡ್’ನಿಂದ ಮಾಡುವ ಕೆಲಸವೂ ಇದೇ. ಆದರೆ ಕೇಳುವಾಗ ಮಾತ್ರ, ತಿಳಿಸುವಾಗ ಅಲ್ಲ. ‘ಐ ವುಡ್ ಲೈಕ್ ಟು ಟೇಕ್ ಲೀವ್ ಟುಮಾರೋ’ ಅಂತ ಬರೆದರೆ ಮರ್ಯಾದೆಯೂ ಉಳಿಯಿತು, ವ್ಯಾಕರಣವೂ ಉಳಿಯಿತು.

ಈ ‘-ತ್ತಿದ್ದೆ’ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಬೇಕು. ‘ನಾನು ದಾರಿಯಲ್ಲಿ ಬರುತ್ತಿದ್ದೆ, ಮಳೆ ಬಂತು’ ಅನ್ನುವಾಗ ಅದು ‘ಐ ವಾಸ್ ಕಮಿಂಗ್’, ವುಡ್ ಅಲ್ಲ. ‘ಐ ಸೆಡ್ ಐ ವುಡ್ ಕಮ್’ ಅನ್ನುವುದಕ್ಕೆ ನಾವು ‘ಬರ್ತೀನಿ ಅಂದಿದ್ದೆ’ ಅಂತೀವಿ. ಆಡಿದ ಮಾತನ್ನು ಆಡಿದ ಹಾಗೇ ಇಟ್ಟು ‘ಅಂತ’ ಹಚ್ಚಿಬಿಟ್ಟರೆ ಮುಗೀತು, ಕಾಲ ಬದಲಿಸುವ ಗೊಡವೆ ಇಲ್ಲ.

ಮೊಟಕು ರೂಪ ‘ಐಡ್’ ಇನ್ನೊಂದು ತಲೆನೋವು. ಅದು ‘ಐ ವುಡ್’ ಕೂಡ ಆಗಬಹುದು, ‘ಐ ಹ್ಯಾಡ್’ ಕೂಡ. ಮುಂದೆ ‘ಗೋ’ ಬಂದರೆ ವುಡ್, ‘ಗಾನ್’ ಬಂದರೆ ಹ್ಯಾಡ್. ‘ಕಮ್’ ಬಂದರೆ ಕಷ್ಟ, ಅದು ಎರಡೂ ಕಡೆ ಒಂದೇ ರೂಪ. ‘ಐಡ್ ಬೆಟರ್’ನಲ್ಲಿರುವುದು ಮಾತ್ರ ಹ್ಯಾಡ್. ಅಲ್ಲಿ ವುಡ್ ಬಿಡಿಸಿ ಬರೆಯುವವರು ಬಹಳ. ಇನ್ನು ಉಚ್ಚಾರದ ಬಗ್ಗೆ ಒಂದು ಮಾತು: ‘ವುಡ್’, ‘ಶುಡ್’ಗಳ ‘ಎಲ್’ ಹಿಂದೆ ಬಾಯಲ್ಲಿ ಇದ್ದದ್ದೇ. ‘ಕುಡ್’ಗೆ ಅದು ಯಾವತ್ತೂ ಇರಲಿಲ್ಲ, ಉಳಿದೆರಡನ್ನು ನೋಡಿ ಬರವಣಿಗೆಯಲ್ಲಿ ಸುಮ್ನೆ ಸೇರಿಸಿದರು.

ನಿಜವಾಗಿ ಕೇಳಬೇಕಾದದ್ದು ಈಗ. ‘ವಿಲ್’ನ ಹಳೆಯ ಅರ್ಥ ‘ಬಯಸು’. ‘ಐ ವೋಂಟ್’ ಅಂದರೆ ನಮ್ಮ ಕಡೆ ‘ನಾ ಒಲ್ಲೆ’ಯೇ. ಪದಗಳಿಗೆ ನಂಟೇನಿಲ್ಲ, ನಡೆದ ದಾರಿ ಒಂದೇ. ಜೀವವಿಲ್ಲದ ವಸ್ತುವಿಗೂ ಎರಡು ಭಾಷೆಯೂ ಹಟ ಅಂಟಿಸುತ್ತವೆ: ‘ದ ಬೈಕ್ ವೋಂಟ್ ಸ್ಟಾರ್ಟ್’, ‘ಗಾಡಿ ಚಾಲೂ ಆಗವಲ್ದು’, ಅಂದರೆ ಆಗಲು ಒಲ್ಲದು. ಇದಕ್ಕೆ ಮೈಸೂರು ಕಡೆಯ ‘ಸ್ಟಾರ್ಟ್ ಆಗ್ತಿಲ್ಲ’ ಸಪ್ಪೆ ಅನ್ನಿಸುತ್ತದೆ, ಬೇಸರ ಮಾಡ್ಕೋಬೇಡಿ. ಆದರೆ ಇದೇ ಮಾತು ನಿನ್ನೆಯದಾದರೆ, ಅಂದರೆ ‘ವುಡಂಟ್ ಸ್ಟಾರ್ಟ್’ ಆದರೆ? ನಾನು ‘ಚಾಲೂ ಆಗ್ಲೇ ಇಲ್ಲ’ ಅನ್ನುತ್ತೇನೆ, ಹಟ ಅಲ್ಲಿ ಮಾಯ. ‘ಆಗವಲ್ದಾಗಿತ್ತು’ ಅನ್ನುವ ರೂಪ ಲಿಂಗಸುಗೂರು, ದೇವದುರ್ಗ, ಸಿರುಗುಪ್ಪ ಕಡೆಯವರ ಬಾಯಲ್ಲಿ ಇದೆಯಾ? ಇದ್ದರೆ ಯಾವ ಸಂದರ್ಭದಲ್ಲಿ ಬಳಸುತ್ತೀರಿ, ಒಂದೆರಡು ವಾಕ್ಯ ಬರೆದು ಕಳಿಸಿ.