ಹೊಸ ಕುಲಪತಿಗಳ ಮೊದಲ ಆರು ತಿಂಗಳು: ಆವರಣಕ್ಕೆ ಎಷ್ಟು, ಊರಿಗೆ ಎಷ್ಟು?

ಪ್ರಶ್ನೆ

ಮಾನ್ಯರೇ,

ನಾನು ವಿಶ್ವವಿದ್ಯಾಲಯವೊಂದರ ಸಮಾಜಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬೋಧಿಸುತ್ತಿದ್ದೇನೆ. ಮುಂದಿನ ತಿಂಗಳು ನಮ್ಮಲ್ಲಿ ಹೊಸ ಕುಲಪತಿಗಳು ಅಧಿಕಾರ ವಹಿಸಿಕೊಳ್ಳಲಿದ್ದಾರೆ. ಅವರು ಹೊರಗಿನಿಂದ ಬರುತ್ತಿರುವವರು. ನಮ್ಮ ಸಂಸ್ಥೆಯಲ್ಲಿ ಓದಿದವರಲ್ಲ, ಕೆಲಸ ಮಾಡಿದವರೂ ಅಲ್ಲ. ಅವರ ಮೊದಲ ಆರು ತಿಂಗಳ ಭೇಟಿ ಮತ್ತು ಸಭೆಗಳ ಕರಡನ್ನು ಸಿದ್ಧಪಡಿಸಲು ರಚಿಸಿರುವ ಐವರ ಸಮಿತಿಯಲ್ಲಿ ನಾನೂ ಒಬ್ಬಳು.

ಈಗಿರುವ ಕರಡಿನ ಪ್ರಕಾರ ಮೊದಲ ತಿಂಗಳಿಡೀ ಸ್ವಾಗತ ಸಮಾರಂಭಗಳು, ಎರಡನೆಯ ತಿಂಗಳು ಪ್ರತಿ ವಿಭಾಗಕ್ಕೂ ಅರ್ಧ ಗಂಟೆಯ ಭೇಟಿ, ಅದಾದ ಮೇಲೆ ಊರಿನ ಗಣ್ಯರೊಂದಿಗೆ ಒಂದು ಸಂವಾದ. ಇದನ್ನು ಓದಿದಾಗ ನನಗೆ ಸಮಾಧಾನವಾಗಲಿಲ್ಲ. ಗಣ್ಯರು ಹೇಗಿದ್ದರೂ ಕುಲಪತಿಗಳ ಕೊಠಡಿಗೆ ದಾರಿ ಬಲ್ಲವರು. ನಮ್ಮ ಆವರಣದ ಹಿಂಬದಿಗೆ ಅಂಟಿಕೊಂಡಂತಿರುವ ಬಡಾವಣೆಯ ಜನರ ಮಾತೇ ಬೇರೆ. ಅವರು ಹಿಂದೆ ನಮ್ಮ ಮೈದಾನದ ಮೂಲಕವೇ ಓಡಾಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಭದ್ರತೆಯ ಕಾರಣ ನೀಡಿ ಹಿಂದಿನ ಗೇಟನ್ನು ಮುಚ್ಚಲಾಯಿತು. ಅಂದಿನಿಂದ ಅವರಿಗೂ ನಮಗೂ ಮಾತುಕತೆಯೇ ನಿಂತುಹೋಗಿದೆ.

ಸಮಿತಿಯಲ್ಲಿಯೂ ಎರಡು ಅಭಿಪ್ರಾಯಗಳಿವೆ. ಮೊದಲ ನೂರು ದಿನಗಳಲ್ಲಿ ಕೆಲವು ದಿಟ್ಟ ನಿರ್ಧಾರಗಳು ಹೊರಬೀಳದಿದ್ದರೆ ಆಡಳಿತದ ಹಿಡಿತ ಸಡಿಲವಾಗುತ್ತದೆ ಎಂದು ಒಬ್ಬರು ವಾದಿಸಿದರೆ, ಆರು ತಿಂಗಳ ಕಾಲ ಏನನ್ನೂ ಬದಲಿಸದೆ ಎಲ್ಲರ ಮಾತನ್ನು ಕೇಳಿಸಿಕೊಳ್ಳುವುದಷ್ಟೇ ಸರಿ ಎಂದು ಇನ್ನೊಬ್ಬರು ಹೇಳುತ್ತಾರೆ. ಇಂಥ ಪರಿವರ್ತನೆಯನ್ನು ಹತ್ತಿರದಿಂದ ಕಂಡವರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಕುಲಸಚಿವರೊಬ್ಬರಿಂದ

ಪ್ರಾಧ್ಯಾಪಕರೇ,

ನನ್ನ ಸೇವಾವಧಿಯಲ್ಲಿ ನಾಲ್ವರು ಕುಲಪತಿಗಳು ಬಂದು ಹೋದದ್ದನ್ನು ಕಂಡಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ನಿಮ್ಮ ಸಮಿತಿಯ ಎರಡೂ ಅಭಿಪ್ರಾಯಗಳು ಒಂದೇ ಕಡೆ ಎಡವುತ್ತವೆ. ಕೇಳಿಸಿಕೊಳ್ಳುವುದು ಮತ್ತು ನಿರ್ಧರಿಸುವುದು ಒಂದಾದ ಮೇಲೊಂದು ಬರುವ ಎರಡು ಹಂತಗಳೆಂದು ಇಬ್ಬರೂ ಭಾವಿಸಿದಂತಿದೆ. ಆದರೆ ಕುಲಪತಿಗಳು ಕುರ್ಚಿಯಲ್ಲಿ ಕುಳಿತ ಮೊದಲ ದಿನವೇ ಸಹಿಗಾಗಿ ಕಡತಗಳು ಬಂದು ನಿಲ್ಲುತ್ತವೆ. ಒಂದು ನೇಮಕಾತಿ ಕಡತಕ್ಕೆ ಸಹಿ ಹಾಕುವುದೂ ನಿರ್ಧಾರ, ಅದನ್ನು ಬದಿಗಿಡುವುದೂ ನಿರ್ಧಾರವೇ. ಆರು ತಿಂಗಳು ಏನನ್ನೂ ಮಾಡದೆ ಇರುವ ಸೌಲಭ್ಯ ಆ ಹುದ್ದೆಗೆ ಇಲ್ಲ.

ದಿಟ್ಟತನದ ವಿಷಯಕ್ಕೆ ಬಂದರೆ, ಹಾರ್ವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಎಲಿಯಟ್ ಅವರ ಉದಾಹರಣೆಯನ್ನು ಹಲವರು ಕೊಡುತ್ತಾರೆ. 1869ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಅಧ್ಯಕ್ಷರಾದ ಅವರು ಕೆಲವೇ ತಿಂಗಳುಗಳಲ್ಲಿ ವೈದ್ಯಕೀಯ ಶಾಲೆಯ ಅಧ್ಯಾಪಕರ ಸಭೆಗೆ ತಾವೇ ಹೋಗಿ ಕುಳಿತು ಬದಲಾವಣೆಗಳನ್ನು ಮುಂದಿಟ್ಟರು. ಎಂಬತ್ತು ವರ್ಷ ತನ್ನ ವ್ಯವಹಾರವನ್ನು ತಾನೇ ಚೆನ್ನಾಗಿ ನೋಡಿಕೊಂಡು ಬಂದ ಶಾಲೆಯನ್ನು ಮೂರು ನಾಲ್ಕು ತಿಂಗಳಲ್ಲಿ ಬದಲಿಸಲು ಹೊರಟಿರುವುದೇಕೆ ಎಂದು ಒಬ್ಬ ಪ್ರಾಧ್ಯಾಪಕರು ಕೇಳಿದಾಗ, ಈಗ ಹೊಸ ಅಧ್ಯಕ್ಷರು ಬಂದಿದ್ದಾರೆ ಎಂಬುದೇ ಅದಕ್ಕೆ ಉತ್ತರ ಎಂದು ಎಲಿಯಟ್ ಶಾಂತವಾಗಿ ನುಡಿದರಂತೆ. 1871ರ ಹೊತ್ತಿಗೆ ಅಲ್ಲಿ ಮೂರು ವರ್ಷಗಳ ಕ್ರಮಬದ್ಧ ಪಠ್ಯಕ್ರಮವೂ ಲಿಖಿತ ಪರೀಕ್ಷೆಗಳೂ ಜಾರಿಗೆ ಬಂದವು. ಈ ಪ್ರಸಂಗವನ್ನು ಹೇಳುವವರು ಅದರ ಹಿಂದಿನ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಎಲಿಯಟ್ ಅದೇ ಹಾರ್ವರ್ಡಿನಲ್ಲಿ ಓದಿ, ರಸಾಯನಶಾಸ್ತ್ರವನ್ನು ಕಲಿಸಿ, 1863ರಲ್ಲಿ ಅಲ್ಲಿಂದ ಹೊರಬಂದು, ಎರಡು ವರ್ಷ ಯೂರೋಪಿನಲ್ಲಿ ಶಿಕ್ಷಣ ಪದ್ಧತಿಗಳನ್ನು ಕಣ್ಣಾರೆ ಕಂಡು ಬಂದವರು. ದೇಶ ಸುತ್ತಿ ಕೋಶ ಓದಿ ಬಂದವರ ಆತುರವೇ ಬೇರೆ, ಯಾವ ತಯಾರಿಯೂ ಇಲ್ಲದವರ ಆತುರವೇ ಬೇರೆ. ಅವರ ಕೇಳಿಸಿಕೊಳ್ಳುವ ಕಾಲ ಅಧಿಕಾರಕ್ಕೆ ಬರುವ ಮೊದಲೇ ಮುಗಿದಿತ್ತು.

ಒಳಗಿನವರೇ ಬಂದಾಗಲೂ ಹೀಗೆಯೇ. ಕುವೆಂಪು ಅವರು 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾದಾಗ ಅಲ್ಲಿಯೇ ಓದಿ, 1929ರಿಂದ ಅಲ್ಲಿಯೇ ಕಲಿಸುತ್ತ ಬಂದವರಾಗಿದ್ದರು. ಸಂಸ್ಥೆಯ ಮೂಲೆಮೂಲೆಯನ್ನೂ ಬಲ್ಲವರ ಕೈಗೆ ಅಧಿಕಾರ ಬಂದಾಗ, ನಾಲ್ಕು ವರ್ಷಗಳಷ್ಟು ಕಿರಿದಾದ ಅವಧಿಯಲ್ಲಿಯೂ ಮಾನಸಗಂಗೋತ್ರಿಯಂತಹ ಸ್ನಾತಕೋತ್ತರ ಕೇಂದ್ರಕ್ಕೆ ರೂಪ ಕೊಡುವುದು ಸಾಧ್ಯವಾಯಿತು. ನಿಮ್ಮ ಕುಲಪತಿಗಳಿಗೆ ಆ ಅನುಕೂಲವಿಲ್ಲ. ಆದ್ದರಿಂದ ಅವರು ಬರುವ ಮೊದಲೇ ಕೆಲವು ಕಾಗದಗಳನ್ನು ಅವರಿಗೆ ತಲುಪಿಸಿ. ಕಳೆದ ಮೂರು ವರ್ಷಗಳ ಆಯವ್ಯಯ ಮತ್ತು ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು, ನ್ಯಾಯಾಲಯಗಳಲ್ಲಿ ಬಾಕಿ ಇರುವ ಪ್ರಕರಣಗಳು, ಖಾಲಿ ಹುದ್ದೆಗಳ ವಿವರ, ಫಲಿತಾಂಶ ಪ್ರಕಟಣೆ ತಡವಾಗಿರುವ ಪರೀಕ್ಷೆಗಳು: ಇಷ್ಟನ್ನು ಓದಿಕೊಂಡು ಬಂದವರಿಗೆ ವಿಭಾಗದ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ. ಅರ್ಧ ಗಂಟೆಯ ಭೇಟಿ ಯಾವ ವಿಭಾಗಕ್ಕೂ ನ್ಯಾಯ ಒದಗಿಸುವುದಿಲ್ಲ; ಆ ಅರ್ಧ ಗಂಟೆಯಲ್ಲಿ ಹಾರ ಹಾಕಿ, ಪರಿಚಯ ಹೇಳಿ, ಛಾಯಾಚಿತ್ರ ತೆಗೆಸಿಕೊಳ್ಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ನಾನು ಕಂಡ ನಾಲ್ವರಲ್ಲಿ ಒಬ್ಬರು ನಿಜಕ್ಕೂ ಸಹೃದಯರು. ಅಧಿಕಾರ ವಹಿಸಿಕೊಂಡ ಮೊದಲ ಮೂರು ತಿಂಗಳಲ್ಲಿ ಎಲ್ಲ ವಿಭಾಗಗಳಿಗೂ ವಿದ್ಯಾರ್ಥಿನಿಲಯಗಳಿಗೂ ಹೋಗಿ ಅಹವಾಲುಗಳನ್ನು ಆಲಿಸಿದರು, ಎಲ್ಲವನ್ನೂ ಬರೆಸಿಕೊಂಡರು. ಆ ಟಿಪ್ಪಣಿಗಳ ನಾಲ್ಕು ದಪ್ಪ ಪುಸ್ತಕಗಳು ನನ್ನ ಕಚೇರಿಯ ಕಪಾಟಿನಲ್ಲಿಯೇ ಇದ್ದವು. ಹೇಳಿದವರಿಗೆ ಒಂದು ಸಾಲಿನ ಉತ್ತರವೂ ಹೋಗಲಿಲ್ಲ, ಹೋಗುವಂತೆ ನಾನೂ ನೋಡಿಕೊಳ್ಳಲಿಲ್ಲ. ಆ ತಪ್ಪಿನಲ್ಲಿ ನನಗೂ ಪಾಲಿದೆ. ಎರಡನೆಯ ವರ್ಷ ಅವರು ಮತ್ತೆ ಸಭೆ ಕರೆದಾಗ ಕುರ್ಚಿಗಳು ಖಾಲಿ ಉಳಿದವು. ಕೇಳದೆ ಇದ್ದಿದ್ದರೆ ಜನರಿಗೆ ನಿರೀಕ್ಷೆಯಾದರೂ ಉಳಿದಿರುತ್ತಿತ್ತು. ಅದಕ್ಕಾಗಿಯೇ ನಿಮ್ಮ ಕರಡಿನಲ್ಲಿ ಒಂದು ಅಂಶವನ್ನು ಕಡ್ಡಾಯವಾಗಿ ಸೇರಿಸಿ: ಪ್ರತಿ ತಿಂಗಳ ಕೊನೆಯಲ್ಲಿ ಕುಲಪತಿಗಳ ಹೆಸರಿನಲ್ಲಿ ಎರಡು ಪುಟದ ಒಂದು ಪತ್ರ ಹೊರಡಲಿ. ಏನೇನು ಕೇಳಿಬಂತು, ಯಾವುದನ್ನು ಮಾಡಲಾಗಿದೆ, ಯಾವುದಕ್ಕೆ ಕಾಲ ಬೇಕು, ಯಾವುದು ಆಗುವುದಿಲ್ಲ ಮತ್ತು ಏಕೆ ಆಗುವುದಿಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ‘ಆಗುವುದಿಲ್ಲ’ ಎಂಬ ಉತ್ತರವನ್ನು ಜನ ಸಹಿಸಿಕೊಳ್ಳುತ್ತಾರೆ, ಮೌನವನ್ನು ಸಹಿಸಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಬೋಧಕೇತರ ಸಿಬ್ಬಂದಿ, ಗುತ್ತಿಗೆ ನೌಕರರು ಮತ್ತು ರಾತ್ರಿ ಪಾಳಿಯ ಕಾವಲುಗಾರರು ನಿಮ್ಮ ಕರಡಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅವರ ಪಾಳಿಯ ಸಮಯಕ್ಕೆ ಕುಲಪತಿಗಳು ಹೋಗಬೇಕೇ ಹೊರತು ಸಂಜೆ ನಾಲ್ಕಕ್ಕೆ ಅವರನ್ನು ಸಭಾಂಗಣಕ್ಕೆ ಕರೆಸಬಾರದು.

ಉತ್ತರ 2: ವಿಶ್ವವಿದ್ಯಾಲಯದ ನೆರೆಯಲ್ಲಿ ವಾಸಿಸುವವರೊಬ್ಬರಿಂದ

ಮೇಡಂ, ನಾನು ಶಿಕ್ಷಣ ಕ್ಷೇತ್ರದವನಲ್ಲ. ನಮ್ಮ ಮನೆ ವಿಶ್ವವಿದ್ಯಾಲಯವೊಂದರ ಕಾಂಪೌಂಡಿಗೆ ತಾಗಿದೆ. ನಮ್ಮ ನಿವಾಸಿಗಳ ಸಂಘದಲ್ಲಿ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದೆ. ಆ ಅವಧಿಯಲ್ಲಿ ಹೊಸದಾಗಿ ಬಂದ ಇಬ್ಬರು ಮುಖ್ಯಸ್ಥರು ನಮ್ಮನ್ನು ಸಂವಾದಕ್ಕೆ ಆಹ್ವಾನಿಸಿದ್ದರು. ಎರಡು ಸಲವೂ ನಾವು ಗೇಟಿನಲ್ಲಿ ಹೆಸರು ಬರೆಸಿ, ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು, ಸಂಸ್ಥೆಯ ಸಾಧನೆಗಳ ಭಾಷಣ ಕೇಳಿ ಮರಳಿದೆವು. ನಮ್ಮ ಬೀದಿಯಲ್ಲಿ ನಿಲ್ಲುವ ವಾಹನಗಳ ವಿಷಯ, ಬಾಡಿಗೆ ಮನೆಗಳಲ್ಲಿರುವ ವಿದ್ಯಾರ್ಥಿಗಳ ವಿಷಯ, ಹರಿದು ಬರುವ ಕೊಳಚೆ ನೀರಿನ ವಿಷಯ, ಇವುಗಳನ್ನು ಯಾರ ಮುಂದೆ ಹೇಳಬೇಕೆಂಬುದು ಈವರೆಗೂ ನಮಗೆ ತಿಳಿದಿಲ್ಲ.

ತಾವು ಕುಲಪತಿಗಳನ್ನು ನಮ್ಮಂಥವರ ಬಡಾವಣೆಗೆ ಕರೆತನ್ನಿ. ಹಾರ, ಧ್ವನಿವರ್ಧಕ ಯಾವುದೂ ಬೇಡ. ಅವರು ನಡೆದುಕೊಂಡು ಒಂದು ಸುತ್ತು ಬಂದರೆ ಅರ್ಧ ಸಮಸ್ಯೆ ಅವರ ಕಣ್ಣಿಗೇ ಬೀಳುತ್ತದೆ. ಜೊತೆಗೆ, ಅವರ ಕಚೇರಿಯಲ್ಲಿ ನಮ್ಮ ದೂರವಾಣಿ ಕರೆಯನ್ನು ಸ್ವೀಕರಿಸುವ ಒಬ್ಬ ವ್ಯಕ್ತಿ ಯಾರೆಂಬುದನ್ನು ಅಂದೇ ತಿಳಿಸಲಿ. ಕುಲಪತಿಗಳು ನಾಲ್ಕು ವರ್ಷಕ್ಕೋ ಐದು ವರ್ಷಕ್ಕೋ ಬದಲಾಗುತ್ತಾರೆ, ನಾವು ಇಲ್ಲಿಯೇ ಇರುತ್ತೇವೆ. ಆ ಹಿಂದಿನ ಗೇಟಿನ ವಿಷಯ ಓದಿ ನನಗೆ ಬಹಳ ಬೇಸರವಾಯಿತು, ಏಕೆಂದರೆ ನಮ್ಮಲ್ಲಿಯೂ ಅಂಥದ್ದೇ ಒಂದು ಗೇಟಿದೆ.

ಉತ್ತರ 3: ಉನ್ನತ ಶಿಕ್ಷಣದ ಆಡಳಿತವನ್ನು ಅಧ್ಯಯನ ಮಾಡುತ್ತಿರುವವರೊಬ್ಬರಿಂದ

ಹಿಂದಿನ ಇಬ್ಬರ ಮಾತುಗಳನ್ನೂ ನಾನು ಒಪ್ಪುತ್ತೇನೆ. ಕಾಲಾವಕಾಶ ಎಷ್ಟು ಕಡಿಮೆ ಎಂಬುದಕ್ಕೆ ಒಂದು ಲೆಕ್ಕವನ್ನು ಸೇರಿಸುತ್ತೇನೆ. ಅಮೆರಿಕದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಅಧ್ಯಕ್ಷರನ್ನು ಕುರಿತು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ನಡೆಸುವ ಸಮೀಕ್ಷೆಯಲ್ಲಿ, ಹುದ್ದೆಯಲ್ಲಿರುವವರು ಅಲ್ಲಿ ಕಳೆದಿದ್ದ ಸರಾಸರಿ ಅವಧಿ 2006ರಲ್ಲಿ 8.5 ವರ್ಷ ಇದ್ದದ್ದು 2016ರಲ್ಲಿ 6.5ಕ್ಕೂ 2022ರಲ್ಲಿ 5.9ಕ್ಕೂ ಇಳಿಯಿತು. ಹೀಗಿರುವಾಗ ಆರು ತಿಂಗಳೆಂಬುದು ಸಣ್ಣ ಪಾಲೇನಲ್ಲ.

ಸಮುದಾಯವನ್ನು ಕಡೆಗಣಿಸಿದರೆ ಆರಂಭವೇ ಆಗದೆ ಹೋಗಬಹುದು ಎಂಬುದಕ್ಕೆ ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯ ಸಾಕ್ಷಿ. ಕಿವುಡರಿಗಾಗಿ 1864ರಲ್ಲಿ ಆರಂಭವಾದ ಆ ಸಂಸ್ಥೆಗೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಬ್ಬ ಕಿವುಡ ಅಧ್ಯಕ್ಷರೂ ಬಂದಿರಲಿಲ್ಲ. 1988ರ ಮಾರ್ಚ್ 6ರಂದು ಆಡಳಿತ ಮಂಡಳಿಯು ಕಿವಿ ಕೇಳಿಸುವ, ಸಂಜ್ಞಾಭಾಷೆ ಬಾರದ ಎಲಿಜಬೆತ್ ಜಿನ್ಸರ್ ಅವರನ್ನು ಆರಿಸಿದಾಗ ವಿದ್ಯಾರ್ಥಿಗಳು ಆವರಣವನ್ನೇ ಮುಚ್ಚಿಸಿದರು. ಪ್ರಾಧ್ಯಾಪಕರೂ ಊರಿನ ಕಿವುಡ ಸಮುದಾಯದವರೂ ಅವರ ಜೊತೆ ನಿಂತರು. ವಾರದೊಳಗೆ ಜಿನ್ಸರ್ ಹುದ್ದೆಯನ್ನು ಬಿಟ್ಟುಕೊಟ್ಟರು, ಮಾರ್ಚ್ 13ರಂದು ಕಿವುಡರೇ ಆದ ಕಿಂಗ್ ಜೋರ್ಡನ್ ಆಯ್ಕೆಯಾದರು ಮತ್ತು 2006ರವರೆಗೆ ಆ ಹುದ್ದೆಯಲ್ಲಿದ್ದರು. ಜಿನ್ಸರ್ ಅವರ ಅರ್ಹತೆಯನ್ನು ನಾನು ಪ್ರಶ್ನಿಸುವುದಿಲ್ಲ. ಆಯ್ಕೆ ಮಾಡಿದವರಿಗೆ ತಮ್ಮ ಸಂಸ್ಥೆ ಯಾರಿಗಾಗಿ ಇದೆ ಎಂಬುದೇ ಮರೆತುಹೋಗಿತ್ತು, ಅದರ ಬೆಲೆಯನ್ನು ಹೊಸದಾಗಿ ಬಂದವರು ತೆರಬೇಕಾಯಿತು.

ನಿಮ್ಮ ಹಿಂದಿನ ಗೇಟಿಗೆ ಹತ್ತಿರವಾದ ಪ್ರಸಂಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ್ದು. ಜ್ಯುಡಿತ್ ರೋಡಿನ್ 1994ರಲ್ಲಿ ಅಲ್ಲಿ ಅಧ್ಯಕ್ಷರಾದರು. ಅವರು ಫಿಲಡೆಲ್ಫಿಯಾದಲ್ಲಿಯೇ ಹುಟ್ಟಿ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಆವರಣದ ಸುತ್ತಲಿನ ಪಶ್ಚಿಮ ಫಿಲಡೆಲ್ಫಿಯಾದಲ್ಲಿ ಅಪರಾಧ ಹೆಚ್ಚಿತ್ತು, 1996ರಲ್ಲಿ ಸಂಶೋಧಕರೊಬ್ಬರು ಆವರಣದ ಸಮೀಪವೇ ಕೊಲೆಯಾದರು. ಗೋಡೆಯನ್ನು ಎತ್ತರಿಸುವ ಒತ್ತಡ ಎಷ್ಟಿದ್ದಿರಬಹುದು ಎಂದು ಊಹಿಸಬಹುದು. ವಿಶ್ವವಿದ್ಯಾಲಯ ಹೊರಗಿನ ಬೀದಿಗಳಿಗೆ ದೀಪ ಹಾಕಿಸಿತು, ಸುತ್ತಲಿನ ಮನೆಗಳನ್ನು ಕೊಳ್ಳಲು ತನ್ನ ನೌಕರರಿಗೆ ನೆರವಾಯಿತು, ತನ್ನ ಖರೀದಿಯ ಒಂದು ಪಾಲನ್ನು ನೆರೆಯ ವ್ಯಾಪಾರಿಗಳ ಕಡೆಗೆ ತಿರುಗಿಸಿತು, ಮತ್ತು ನಗರದ ಶಾಲಾ ಆಡಳಿತದೊಂದಿಗೆ ಕೂಡಿ ಒಂದು ಸಾರ್ವಜನಿಕ ಶಾಲೆಯನ್ನು ಕಟ್ಟಿಸಿತು. ಅದು 2001ರಲ್ಲಿ ತೆರೆಯಿತು. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1960ರ ದಶಕದಲ್ಲಿ ನಗರ ಪುನರ್ನಿರ್ಮಾಣದ ಹೆಸರಿನಲ್ಲಿ ಆ ಭಾಗದ ಬಡ ಕಪ್ಪು ಕುಟುಂಬಗಳನ್ನು ಎಬ್ಬಿಸಲಾಗಿತ್ತು, ಆ ನೆನಪು ಅಳಿದಿರಲಿಲ್ಲ. ಹೊಸ ಯೋಜನೆಯಿಂದ ಮನೆಗಳ ಬೆಲೆ ಏರಿದಾಗ ಹಳೆಯ ನಿವಾಸಿಗಳು ಮತ್ತೆ ಹೊರಗುಳಿಯುತ್ತಿದ್ದಾರೆ ಎಂಬ ಟೀಕೆ ಬಂತು, ಆ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಭಾವನೆ. ಆದ್ದರಿಂದ ನಿಮ್ಮ ಕುಲಪತಿಗಳು ಬಡಾವಣೆಗೆ ಹೋಗುವ ಮೊದಲು, ನಿಮ್ಮ ಆವರಣದ ಭೂಮಿ ಯಾರಿಂದ, ಯಾವಾಗ, ಯಾವ ಭರವಸೆಯ ಮೇಲೆ ಬಂತು ಎಂಬ ದಾಖಲೆಯನ್ನು ಹುಡುಕಿಸಿ ಓದಲಿ. ಅಂಥ ಭರವಸೆ ಏನಾದರೂ ಇದ್ದರೆ ಜನ ಅದನ್ನು ಮೊದಲ ಐದು ನಿಮಿಷದಲ್ಲಿಯೇ ಕೇಳುತ್ತಾರೆ.

ಉತ್ತರ 4: ಸಂಶೋಧನಾ ವಿದ್ಯಾರ್ಥಿನಿಯೊಬ್ಬರಿಂದ

ಹಿರಿಯರ ಅಭಿಪ್ರಾಯಗಳಿಗೆ ಗೌರವವಿದೆ, ಆದರೆ ಒಂದು ಆತಂಕವನ್ನು ಹೇಳಲೇಬೇಕು. ನಾನು ಇರುವ ಸಂಸ್ಥೆಯ ಮುಖ್ಯಸ್ಥರು ಮೊದಲ ವರ್ಷ ವಾರದಲ್ಲಿ ಮೂರು ನಾಲ್ಕು ದಿನ ಹೊರಗಿನ ಕಾರ್ಯಕ್ರಮಗಳಲ್ಲಿಯೇ ಇರುತ್ತಿದ್ದರು. ಎಲ್ಲರೂ ಅವರನ್ನು ಜನಪರ ವ್ಯಕ್ತಿ ಎಂದು ಹೊಗಳಿದರು. ಆ ವರ್ಷವೇ ನಮ್ಮ ಶಿಷ್ಯವೇತನ ಏಳು ತಿಂಗಳು ತಡವಾಯಿತು, ಏಕೆಂದರೆ ಅದರ ಕಡತ ಅವರ ಮೇಜಿನ ಮೇಲೆಯೇ ಉಳಿದಿತ್ತು. ಸಾಲ ಮಾಡಿ ಪ್ರಯೋಗಾಲಯಕ್ಕೆ ಬಂದು ಹೋಗುತ್ತಿದ್ದ ದಿನಗಳು ಅವು. ದಯವಿಟ್ಟು ಕರಡಿನಲ್ಲಿ ವಾರಕ್ಕೆ ಎರಡು ಪೂರ್ಣ ದಿನಗಳನ್ನು ಕಡತಗಳ ವಿಲೇವಾರಿಗಾಗಿಯೇ ಮೀಸಲಿಡಿ, ಆ ದಿನಗಳಲ್ಲಿ ಯಾವ ಆಹ್ವಾನವನ್ನೂ ಒಪ್ಪದಂತೆ ಅವರ ಕಚೇರಿಗೆ ತಿಳಿಸಿ. ವಿದ್ಯಾರ್ಥಿಗಳು ನೇರವಾಗಿ ಬಂದು ಕಾಣುವ ಒಂದು ಗಂಟೆಯೂ ಅದೇ ದಿನ ಇರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಈ ಉತ್ತರಗಳನ್ನು ಮುದ್ರಿಸಿಕೊಂಡು ನಿನ್ನೆ ಸಮಿತಿಯ ಮುಂದಿಟ್ಟೆ. ಸ್ವಾಗತ ಸಮಾರಂಭಗಳನ್ನು ಒಂದೇ ದಿನಕ್ಕೆ ಸೀಮಿತಗೊಳಿಸಲು ಒಪ್ಪಿಗೆ ಸಿಕ್ಕಿತು. ಕುಲಸಚಿವರು ಹೇಳಿದ ಕಾಗದಗಳನ್ನು ಹಣಕಾಸು ಅಧಿಕಾರಿಗಳು ಈ ವಾರವೇ ಒಟ್ಟುಗೂಡಿಸುತ್ತಾರೆ, ಮಾಸಿಕ ಪತ್ರವನ್ನು ಬರೆಯುವ ಹೊಣೆಯನ್ನು ನಾನೇ ವಹಿಸಿಕೊಂಡಿದ್ದೇನೆ. ಮಂಗಳವಾರ ಮತ್ತು ಶುಕ್ರವಾರ ಕಡತಗಳಿಗೆ ಮೀಸಲು. ಶುಕ್ರವಾರ ಸಂಜೆಯ ಒಂದು ಗಂಟೆ ವಿದ್ಯಾರ್ಥಿಗಳಿಗೆ. ರಾತ್ರಿ ಪಾಳಿಯವರ ಭೇಟಿಯ ವಿಷಯದಲ್ಲಿ ಮಾತ್ರ ಇನ್ನೂ ಚರ್ಚೆ ನಡೆದಿದೆ, ಅದನ್ನು ನಾನು ಬಿಡುವುದಿಲ್ಲ.

ಭೂಮಿಯ ದಾಖಲೆ ಹುಡುಕಲು ಹೋದಾಗ ನಮ್ಮ ಹಳೆಯ ಕಡತಗಳ ಕೊಠಡಿಯಲ್ಲಿ ಒಂದು ನಡಾವಳಿ ಸಿಕ್ಕಿತು. ಆವರಣಕ್ಕೆ ಜಮೀನು ಕೊಟ್ಟ ಕುಟುಂಬಗಳಿಗೆ ಹಿಂದಿನ ದಾರಿಯನ್ನು ಬಳಸಲು ಅವಕಾಶ ನೀಡಲಾಗುವುದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಗೇಟು ಮುಚ್ಚುವಾಗ ಅದನ್ನು ಯಾರೂ ಓದಿದಂತೆ ಕಾಣಲಿಲ್ಲ. ಅಂದಿನ ಸಭೆಯಲ್ಲಿ ಕುಳಿತಿದ್ದ ನಾನೂ ಓದಿರಲಿಲ್ಲ. ಅದರ ಪ್ರತಿಯನ್ನು ಕುಲಪತಿಗಳಿಗೆ ಕಳುಹಿಸುವ ಕಾಗದಗಳ ಮೇಲ್ಭಾಗದಲ್ಲಿಯೇ ಇರಿಸಿದ್ದೇನೆ. ಬಡಾವಣೆಯ ಭೇಟಿಯನ್ನು ಎರಡನೆಯ ವಾರಕ್ಕೆ ನಿಗದಿಪಡಿಸಿದ್ದೇವೆ, ಅವರು ಹೋಗುವುದು ಆ ಗೇಟಿನ ಮೂಲಕವೇ.